ಜಡೆಯ ಗೋಡೆಯ ಮೇಲೆ ನನ್ನದೊಂದು ಸಾಲು

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೊರಟ ಸರ್ಕಾರಿ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಆದರೆ ಆಧಾರ್ ಕಾರ್ಡ್ ತೋರಿಸಬೇಕು. ನಂಬರನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ತೋರಿಸಿದೆ. "ಏನ್ರೀ ಮೇಡಂ, ನಿಮ್ ಕಾರ್ಡ್ ನಾನೇನ್ ತಿಂತೀನಾ?" ಎಂದು ಕಂಡಕ್ಟರ್ ನಕ್ಕ. ವಿಶ್ವವಿದ್ಯಾಲಯದಲ್ಲಿ ಸೈಬರ್ ಸುರಕ್ಷತೆ ಪಾಠ ಮಾಡುವವಳಿಗೆ ಅಂಟಿದ ಚಟ ಇದು. ಯಾರನ್ನೂ ನಂಬಬೇಡಿ ಎಂದು ಹೇಳಿ ಹೇಳಿ, ಪಕ್ಕದಲ್ಲಿ ಕೂತವರು ಯಾವೂರು ಎಂದು ಕೇಳಿದರೂ ಹಿಂದೆಮುಂದೆ ನೋಡುತ್ತೇನೆ. ಒಂದೂವರೆ ಗಂಟೆಯ ದಾರಿಯಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ.

ಶಿಕಾರಿಪುರದಲ್ಲಿ ನನಗೆ ಸನ್ಮಾನವಿತ್ತು. ಫೋನಿನಲ್ಲಿ ಮೋಸ ಹೋದವರನ್ನು ಮಾತಾಡಿಸಿ ನಾನು ಮಾಡಿದ ಸಂಶೋಧನೆಯಿಂದ ಒಂದು ಸಾಲು ಹುಟ್ಟಿತ್ತು: "ಗುರುತಿಲ್ಲದ ನಂಬರ್ ಬಂದರೆ ಫೋನ್ ಎತ್ತಬೇಡಿ." ಪೊಲೀಸ್ ಇಲಾಖೆಯವರು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಹಳ್ಳಿಗಳ ಗೋಡೆಗಳ ಮೇಲೆ ನೀಲಿ ಬಣ್ಣದಲ್ಲಿ ಅದನ್ನು ಬರೆಸಿದ್ದರು. ಮೊದಲು ನಾನು ಕೊಟ್ಟದ್ದು ಮೂರು ಸಾಲು. ಎತ್ತಿ, ಯಾರೆಂದು ಕೇಳಿ, ಬ್ಯಾಂಕಿನ ಮಾತು ಬಂದರೆ ಇಟ್ಟುಬಿಡಿ ಎಂದಿತ್ತು. ಗೋಡೆಗೆ ಉದ್ದವಾಯಿತು ಎಂದರು. ನಾನೇ ಕತ್ತರಿಸಿ ಕೊಟ್ಟೆ. ಚುಟುಕಾಗಿದೆ ಎಂದು ನನಗೇ ಜಂಬ ಬೇರೆ!

ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋ ಆಯಿತು. ಅರ್ಧ ಗಂಟೆಯಲ್ಲಿ ಸಭಾಂಗಣ ಖಾಲಿ. ಲಾಡ್ಜಿನ ಕೆಳಗಿನ ಖಾನಾವಳಿಯಲ್ಲಿ ಗೋಡೆಗೆ ಮುಖ ಮಾಡಿ ಕೂತು ಎರಡು ರೊಟ್ಟಿ, ಎಣ್ಣೆಗಾಯಿ ಪಲ್ಯ ತಿಂದೆ. ಶಾಲು ಚೆನ್ನಾಗಿತ್ತು, ತೋರಿಸೋಣವೆಂದರೆ ಮನೆಯಲ್ಲಿ ಯಾರಿದ್ದಾರೆ? ಮಡಚಿ ಚೀಲದ ತಳಕ್ಕೆ ಹಾಕಿದೆ.

ಮರುದಿನ ಬೆಳಿಗ್ಗೆ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಬಂದು ಜಡೆ ಎಂಬ ಹಳ್ಳಿಯ ಬಸ್ಸು ಹಿಡಿದೆ. ಗೋಡೆ ಬರಹದಿಂದ ಜನಕ್ಕೆ ಉಪಯೋಗವಾಯಿತೇ ಎಂದು ಮನೆ ಮನೆಗೆ ಹೋಗಿ ಕೇಳುವ ಕೆಲಸವಿತ್ತು. ಬಿಸಿಲು ಹಿತವಾಗಿತ್ತು. ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿಗಳನ್ನು ತರುಬಿದ್ದರು.

ಜಡೆಯಲ್ಲಿ ನಾಲ್ಕನೆಯ ಮನೆ ಕೆಂಚಮ್ಮನವರದು. ಐವತ್ತರ ಹೆಂಗಸು, ಕಟ್ಟೆಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನನ್ನ ಸಾಲು ಅವರ ಮನೆಯ ಗೋಡೆಯ ಮೇಲೇ ಇತ್ತು. ವಿಶ್ವವಿದ್ಯಾಲಯದಿಂದ ಬಂದಿದ್ದೇನೆ ಎಂದಷ್ಟೇ ಹೇಳಿ, ಅವರ ಹೆಸರು, ಫೋನ್ ನಂಬರ್ ಬರೆದುಕೊಂಡೆ. ಆಮೇಲೆ ಕೇಳಿದೆ, "ಈ ಗೋಡೆ ಮೇಲೆ ಬರೆದ ಹಾಗೆ ನಡ್ಕೊಳ್ತೀರಾ?"

"ನಡ್ಕಂಡಿದ್ಕೇ ಹಿಂಗಾಗಿದ್ದು ಮೇಡಂ" ಎಂದರು ಕೆಂಚಮ್ಮ.

ಅವರ ತವರು ಉಡುತಡಿ. ತಮ್ಮ ಬಸಪ್ಪ ಕುರಿ ಮೇಯಿಸಿಕೊಂಡು ಊರೂರು ತಿರುಗುವವನು. ಹೋದ ವರ್ಷ ಗದ್ದೆಯಲ್ಲಿ ಎದೆನೋವು ಬಂತು. ಗದ್ದೆ ಯಜಮಾನ ತನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದ. ದಾರಿಯಲ್ಲಿ ಬಸಪ್ಪ ಆತನ ಫೋನಿನಿಂದ ಅಕ್ಕನಿಗೆ ಮೂರು ಸಲ ಮಾಡಿದ್ದ.

"ಈ ಕಟ್ಟೆ ಮ್ಯಾಲೇ ಕೂತಿದ್ದೆ. ಗುರುತಿಲ್ಲದ ನಂಬರು. ಗ್ವಾಡೆ ಮ್ಯಾಲೆ ಓದಿದವ್ರು ಬರ್ಸಾರೆ, ಸುಮ್ಮನೆ ಬರೀತಾರಾ ಅಂತ ಎತ್ತಲಿಲ್ಲ. ನಾನು ಹೋಗೋದ್ರೊಳಗೆ ಅವನ ಬಾಯಿ ನಿಂತುಹೋಗಿತ್ತು. ಡಾಕ್ಟ್ರು ಹೆಂಗೂ ಉಳೀತಿರ್ಲಿಲ್ಲ ಅಂದ್ರು. ಅದಲ್ಲ ಮೇಡಂ, ಏನೋ ಹೇಳಾಕಂತ ಮಾಡಿದ್ದ. ಏನಿರಬೋದು? ನಾನು ಎತ್ತದೆ ಹೋಗಿದ್ದು ತಪ್ಪಾ?"

ಬರೆದವಳು ನಾನೇ ಎನ್ನಲು ನಾಲಿಗೆ ಏಳಲಿಲ್ಲ. "ನಿಮ್ಮ ತಪ್ಪೇನಿಲ್ಲ ಅಮ್ಮ" ಎಂದು, ಅವರು ಕೊಟ್ಟ ಮಜ್ಜಿಗೆ ಕುಡಿದು, ಬಸ್ಸಿಗೆ ಹೊತ್ತಾಯಿತೆಂಬ ನೆವ ಹೇಳಿ ಎದ್ದುಬಂದೆ. ಛೇ, ಎಂಥ ಹೇಡಿ ನಾನು! ಉಳಿದ ಮನೆಗಳಿಗೆ ಹೋಗಲಿಲ್ಲ.

ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಶಿವಮೊಗ್ಗದ ಬಸ್ಸು ನಿಂತಿತ್ತು. ಹತ್ತಲು ಮನಸ್ಸಾಗಲಿಲ್ಲ. ಎದುರಿಗೆ ನಿಂತು ಹೇಳಲಾಗದ್ದನ್ನು ಫೋನಿನಲ್ಲಾದರೂ ಹೇಳೋಣವೆಂದು ಕೆಂಚಮ್ಮನವರಿಗೆ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. ಮತ್ತೊಮ್ಮೆ ಮಾಡಿದೆ. ನನ್ನ ನಂಬರನ್ನು ನಾನು ಅವರಿಗೆ ಕೊಟ್ಟೇ ಇರಲಿಲ್ಲ. ಕಿವಿಗೆ ಫೋನು ಒತ್ತಿಕೊಂಡು, ಎತ್ತು ತಾಯಿ, ಒಂದು ಸಲ ಎತ್ತು ಎಂದು ಗೊಣಗುತ್ತಿದ್ದೆ. ಕಾರಿನಲ್ಲಿ ಬಸಪ್ಪನೂ ಹೀಗೇ ಅಂದುಕೊಂಡಿರಬೇಕು. ಅಷ್ಟು ಜನರ ನಡುವೆ ಕಣ್ಣಲ್ಲಿ ನೀರು ಬಂತು, ನಾಚಿಕೆಯಾಗಲಿಲ್ಲ. ಮತ್ತೆ ಜಡೆಯ ಬಸ್ಸನ್ನೇ ಹತ್ತಿದೆ.

ಕೆಂಚಮ್ಮ ಇನ್ನೂ ಕಟ್ಟೆಯ ಮೇಲೇ ಇದ್ದರು. "ಏನಾರ ಬಿಟ್ಟು ಹೋದ್ರಾ ಮೇಡಂ?" ಎಂದರು.

"ಹೇಳೋದು ಬಿಟ್ಟು ಹೋದೆ. ಗೋಡೆ ಮೇಲಿನ ಆ ಮಾತು ಬರೆದವಳು ನಾನೇ. ಮೂರು ಸಾಲಿತ್ತು, ಉದ್ದವಾಯ್ತು ಅಂತ ಕತ್ತರಿಸಿದವಳೂ ನಾನೇ. ತಪ್ಪು ನಂದು."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಮೊರದಲ್ಲಿದ್ದ ಕಾಳಿನಲ್ಲಿ ಒಂದು ಸಲ ಕೈಯಾಡಿಸಿದರು.

"ಆಗ್ಲೆ ಮೂರು ಸಲ ಬಂದಿದ್ದು ನಿಮ್ದಾ?"

"ಹೌದು."

"ಬೇಕಂತ್ಲೇ ಎತ್ತಲಿಲ್ಲ. ಅವತ್ತು ಎತ್ತದಿದ್ದೋಳು ಇವತ್ತು ಯಾರದ್ದು ಎತ್ಲಿ ಅಂತ ಸಿಟ್ಟು." ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನನ್ನು ತೆಗೆದರು. "ಇವತ್ತಿಂದ ಯಾರದ್ದು ಬಂದ್ರೂ ಎತ್ತೀನಿ. ಮೋಸಗಾರ್ರಾದ್ರೂ ಆಗ್ಲಿ. ನಿಮ್ ಹೆಸರು ಹಾಕ್ಕಂತೀನಿ, ನಂಬರ್ ಹೇಳ್ರಿ."

"ನನ್ನದು ಯಾಕೆ ಅಮ್ಮ?"

"ನಿಮ್ದು ಅಂತ ಗುರುತು ಬೇಕಲ್ರೀ. ನಿಮ್ದೊಂದು ಮಾತ್ರ ಎತ್ತಂಗಿಲ್ಲ."

ಹತ್ತು ಅಂಕಿಗಳನ್ನೂ ಒಂದೊಂದಾಗಿ ಹೇಳಿದೆ. ಅವರು ತಪ್ಪಿಲ್ಲದೆ ಒತ್ತಿಕೊಂಡರು.