ರೋಜಾ ತಿಂಗಳಲ್ಲಿ ನಾನು ತೋರಿಸಿದ ಕಾಳಜಿ

ನಮಗೇ ಗೊತ್ತಿಲ್ಲದೆ ನಮ್ಮೊಳಗಿರುವ ಪೂರ್ವಗ್ರಹಗಳ ಬಗ್ಗೆ ಕಲಬುರಗಿಯಲ್ಲಿ ನಡೆದ ತರಬೇತಿಯಿಂದ ನಾನು ನಿರಾಳನಾಗಿ ಜೇವರ್ಗಿಗೆ ಮರಳಿದೆ. ಅವರು ಹೇಳಿದ ಲಕ್ಷಣಗಳಲ್ಲಿ ಒಂದೂ ನನಗೆ ಹೊಂದಿರಲಿಲ್ಲ. ಪರಿಚಯದ ಹಲವರಿಗೆ ಮಾತ್ರ ಅಳತೆ ತೆಗೆದು ಹೊಲಿದಂತಿದ್ದವು.

ಬೀಜ ಮಾರುವ ನಮ್ಮ ಪುಟ್ಟ ಕಚೇರಿಗೆ ನಾನೇ ಮುಖ್ಯಸ್ಥ. ಆ ವಾರವೇ ರಂಜಾನ್ ಶುರುವಾಯಿತು. ಇಜೇರಿಯಿಂದ ಬರುವ ನಮ್ಮ ಸಹೋದ್ಯೋಗಿಯೊಬ್ಬರು ರೋಜಾ ಇದ್ದರು. ಎಲ್ಲರನ್ನೂ ಒಳಗೊಳ್ಳುವ ನಾಯಕನಾಗಿ ನಾನು ತಕ್ಷಣ ಕಾರ್ಯಪ್ರವೃತ್ತನಾದೆ. ಚಹಾವನ್ನು ಹಿತ್ತಲ ಬೇವಿನ ಮರದಡಿಗೆ ಗಡೀಪಾರು ಮಾಡಿದೆ. ಎಲ್ಲರೂ ಕಳ್ಳರಂತೆ ಹೋಗಿ ಕುಡಿದು, ಬಾಯಿ ಒರೆಸಿಕೊಂಡು ಬರುತ್ತಿದ್ದೆವು. ದಣಿದಾರೆಂದು ಮಧ್ಯಾಹ್ನದ ಸಭೆಗೆ ಅವರನ್ನು ಕರೆಯಲಿಲ್ಲ. ಅಂದೋಲಾದ ಹೊಲದಲ್ಲಿ ಹೊಸ ಜೋಳದ ತಳಿ ತೋರಿಸಿ ರೈತರೊಂದಿಗೆ ಮಾತಾಡುವ ಕೆಲಸವನ್ನು ಆ ಸಭೆಯಲ್ಲೇ ಇನ್ನೊಬ್ಬರಿಗೆ ಕೊಟ್ಟೆ. ಬಿತ್ತಿದಾಗಿನಿಂದ ಆ ಹೊಲ ನೋಡಿಕೊಂಡವರು ಈ ರೋಜಾ ಇದ್ದವರೇ. ಹೊಲ ತೋರಿಸುವ ದಿನ ಮೇಲಧಿಕಾರಿಗಳೂ ಬರುವವರಿದ್ದರು, ಅಫಜಲಪುರದ ಕಚೇರಿಗೆ ಮುಖ್ಯಸ್ಥರನ್ನು ಹುಡುಕುತ್ತ. ಆದರೆ ಬಿಸಿಲು ಜೋರಿತ್ತಲ್ಲ!

ಸುದ್ದಿ ಕೇಳಿ ಅವರು ನೇರ ನನ್ನ ಮೇಜಿನೆದುರು ಬಂದು ನಿಂತರು.

"ಸಾಹೇಬ್ರ, ನಾ ಏನ್ ತಪ್ಪ ಮಾಡೇನ್ರಿ?"

"ತಪ್ಪಲ್ರೀ. ನೀವು ರೋಜಾ ಇದ್ದೀರಿ, ಬಿಸಿಲಾಗ ಯಾಕ ತ್ರಾಸ ಅಂತ..."

"ನಮ್ಮ ಅಮ್ಮಿ ರೋಜಾ ಇದ್ದೇ ಜೋಳ ಕೊಯ್ಯಾಕತ್ತಾಳ್ರಿ. ನನಗ ಬರೇ ಮಾತಾಡೂದು."

"ಕಾಳಜೀಲೆ ಮಾಡೇನ್ರೀ."

"ನೀವು ಸೋಮವಾರಕ್ಕೊಮ್ಮೆ ಉಪಾಸ ಇರ್ತೀರಿ. ಅವತ್ತ ಸಭಾ ಬಿಡ್ತೀರೇನು? ಉಳಿದ ದಿನಕ್ಕಿಂತ ಜಾಸ್ತೀನೇ ಒದರ್ತೀರಿ!"

ಪಕ್ಕದ ಕೋಣೆಯಲ್ಲಿ ಯಾರೋ ನಕ್ಕರು. ಯಾರೆಂದು ವಿಚಾರಿಸುವ ನೈತಿಕ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಕೆಲಸವನ್ನು ಅವರಿಗೇ ಮರಳಿಸಿದೆ. ಆಗ ಇನ್ನೊಬ್ಬರು ಮುಖ ಊದಿಸಿಕೊಂಡರು. ಇನ್ನು ಮೇಲೆ ಯಾರಿಗೆ ಬಿಸಿಲು, ಯಾರಿಗೆ ನೆರಳು ಎಂದು ಪ್ರತಿಯೊಬ್ಬರನ್ನೂ ಕೇಳಬೇಕೆ? ಕೇಳಿದರೆ ಕೆಣಕಿದಂತಾಗದೆ? ತರಬೇತಿಯಲ್ಲಿ ಈ ಭಾಗ ಬಂದಾಗ ನಾನು ಬಹುಶಃ ಇತರರ ಲಕ್ಷಣ ಪರಿಶೀಲಿಸುತ್ತಿದ್ದೆ.

ಅಂದೋಲಾದಲ್ಲಿ ಅವರು ಚೆನ್ನಾಗಿ ಮಾತಾಡಿದರು. ಮೇಲಧಿಕಾರಿಗಳು ಅವರ ಹೆಸರು ಕೇಳಿ ತಿಳಿದುಕೊಂಡರು. ನಡುವೆ ಹೊಲದ ಮಾಲೀಕರು ಎಲ್ಲರಿಗೂ ಮಜ್ಜಿಗೆ ಹಂಚುತ್ತ ಬಂದರು. ನಮ್ಮ ಸಹೋದ್ಯೋಗಿ ಮಾತು ನಿಲ್ಲಿಸದೆ, ತಮ್ಮ ಕೈಗೆ ಬಂದ ಲೋಟವನ್ನು ನನಗೆ ದಾಟಿಸಿದರು. ಇವರೆದುರು ಕುಡಿಯುವುದು ಸರಿಯೋ, ಕುಡಿಯದಿದ್ದರೆ ಅದು ಮತ್ತೊಂದು ಕಾಳಜಿಯೋ ತಿಳಿಯದೆ, ಮಜ್ಜಿಗೆ ಬೆಚ್ಚಗಾಗುವವರೆಗೂ ಹಿಡಿದುಕೊಂಡೇ ನಿಂತಿದ್ದೆ.