ಅಣ್ಣನ ಹೊಟ್ಟೆಯೊಳಗೆ ತಮ್ಮ

ಕಮ್ಮನಹಳ್ಳಿ ಮೇನ್ ರೋಡಿನಿಂದ ಎರಡು ಅಡ್ಡರಸ್ತೆ ಒಳಗೆ ಹೋದರೆ ಬೈರಮ್ಮನ ಕಾಂಪೌಂಡು ಸಿಗುತ್ತದೆ. ಒಂದು ಕಾಲಕ್ಕೆ ಅಲ್ಲಿ ರಾಗಿ ಹೊಲ ಇತ್ತು. ಈಗ ಮುಂದೊಂದು ಹಿಂದೊಂದು ಮನೆ, ಮೇಲೆಲ್ಲ ಬಾಡಿಗೆಯವರು, ನಡುವೆ ಆಳೆತ್ತರದ ಗೋಡೆ. ಮುಂದಿನ ಮನೆ ದೊಡ್ಡ ಮಗ ಮುನಿಆಂಜನಪ್ಪನದು, ಹಿಂದಿನದು ಚಿಕ್ಕವನು ವಸಂತನದು. ಬೈರಮ್ಮ ಬೆಳಗಿನ ಕಾಫಿಯನ್ನು ಮುಂದಿನ ಮನೆಯಲ್ಲಿ ಕುಡಿದು, ಮಧ್ಯಾಹ್ನದ ಮುದ್ದೆಯನ್ನು ಹಿಂದಿನ ಮನೆಯಲ್ಲಿ ನುಂಗಿ, ಎರಡೂ ಕಡೆ "ಆ ಮನೇಲಿ ಉಪ್ಪು ಜಾಸ್ತಿ ಕಣಮ್ಮ" ಎಂದು ಹೇಳಿ ಇಬ್ಬರು ಸೊಸೆಯರನ್ನೂ ಖುಷಿಯಾಗಿಟ್ಟಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಬಾಯಲ್ಲಿ ಸದಾ ಎಲೆಅಡಿಕೆ, ತಲೆಯಲ್ಲಿ ಸದಾ ಏನಾದರೊಂದು ಕಿತಾಪತಿ.

ಅಣ್ಣತಮ್ಮಂದಿರು ಮಾತು ಬಿಟ್ಟದ್ದು ಯಾವ ಘನಂದಾರಿ ವಿಷಯಕ್ಕೆ ಅಂತೀರಿ? ಗೇಟಿನ ಪಕ್ಕದ ಹೊಂಗೆಮರದ ನೆರಳಿಗೆ. ಅಣ್ಣ ಕಾರು ತಂದ, ನೆರಳಲ್ಲಿ ನಿಲ್ಲಿಸಿದ. ತಮ್ಮನೂ ಕಾರು ತಂದ, ಅವನಿಗೂ ಅದೇ ನೆರಳು ಬೇಕಾಯಿತು. ಮರ ನೋಡಿದರೆ ಒಂದೇ. ಮೊದಲು ಮಾತು ಬೆಳೆಯಿತು, ಆಮೇಲೆ ಮಾತು ನಿಂತಿತು, ಆಮೇಲೆ ಗೋಡೆ ಎದ್ದಿತು. ಆವತ್ತಿನಿಂದ ಇಬ್ಬರಿಗೂ ಬೈರಮ್ಮನೇ ಪೋಸ್ಟ್‌ಮ್ಯಾನ್. ತಮ್ಮ ಎದುರಿಗೇ ನಿಂತಿದ್ದರೂ ಮುನಿಆಂಜನಪ್ಪ, "ಅಮ್ಮ, ಸಂಪ್‌ಗೆ ನೀರು ಬಂದೈತೆ, ಮೋಟ್ರು ಹಾಕು ಅಂತ ಅವನಿಗೆ ಹೇಳು" ಅನ್ನುವನು. ವಸಂತ ಆಕಾಶ ನೋಡುತ್ತ, "ಆಗ್ಲೇ ಹಾಕಾಯ್ತು ಅಂತ ಹೇಳಮ್ಮ" ಅನ್ನುವನು. ನಡುವೆ ನಿಂತ ಬೈರಮ್ಮ, "ಇಬ್ರಿಗೂ ಕಿವಿ ಐತಲ್ರೋ, ಮೂದೇವಿಗಳಾ" ಎಂದು ಬೈದು ಒಳಗೆ ಹೋಗುವಳು.

ಇಷ್ಟನ್ನೂ ಅವಳು ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದ್ದು ಈ ಸಲದ ಊರಹಬ್ಬದ ಬ್ಯಾನರು.

ಅವರ ಕಡೆ ಹಬ್ಬಕ್ಕೆ ಗಂಗಮ್ಮನ ಗುಡಿ ಬೀದಿಯಲ್ಲಿ ಹಳೆಯ ಮನೆತನದವರು ಬ್ಯಾನರು ಕಟ್ಟಲೇಬೇಕು. ಮೇಲೆ ದೇವಿ, ಕೆಳಗೆ ಕೈಮುಗಿದ ಮನೆಯವರು, ಗಂಡಸರೆಲ್ಲ ಬಿಳಿ ಪಂಚೆ ಬಿಳಿ ಶರಟು. ಒಂದು ಮನೆಗೆ ಒಂದು ಬ್ಯಾನರು. ಜನ ಅದನ್ನು ನೋಡಿಯೇ ಯಾರ ಮನೆ ಕೂಡಿದೆ, ಯಾರದು ಒಡೆದಿದೆ ಎಂದು ಲೆಕ್ಕ ಹಾಕುವುದು. ಇಷ್ಟು ವರ್ಷ ಬೈರಮ್ಮ ತೀರಿಕೊಂಡ ಯಜಮಾನರ ಹಳೇ ಫೋಟೊ ಒಂದನ್ನೇ ಹಾಕಿಸಿ ಕಾಲ ತಳ್ಳಿದ್ದಳು. ಈ ಸಲ ಮುನಿಆಂಜನಪ್ಪ ಕಾಫಿ ಹೊತ್ತಿನಲ್ಲಿ, "ಅಮ್ಮ, ನಾನೇ ಬೇರೆ ಒಂದು ಹಾಕಿಸ್ತೀನಿ, ನೀನು ನನ್ ಪಕ್ಕ" ಅಂದ. ಮುದ್ದೆ ಹೊತ್ತಿಗೆ ವಸಂತನೂ ಅದನ್ನೇ ಅಂದ. ಮುದ್ದೆ ಗಂಟಲಲ್ಲಿ ಸಿಕ್ಕಿಕೊಂಡಿತು. ಗೋಡೆ ಎದ್ದದ್ದು ಕಾಂಪೌಂಡಿನ ಒಳಗಿನ ವಿಷಯ, ಎರಡು ಬ್ಯಾನರು ಎದ್ದರೆ ಅದು ಊರಿನ ಬಾಯಿಗೆ ಬಿದ್ದಂತೆ. ಆಮೇಲೆ ಮಕ್ಕಳು ತಾವಾಗಿ ಒಂದಾಗಬೇಕೆಂದರೂ ಜನ ಆಗಗೊಡುವುದಿಲ್ಲ. ತಾನು ಬದುಕಿರುವಾಗಲೇ ಮನೆ ಎರಡಾಯಿತು ಎಂದು ಬೀದಿಯಲ್ಲಿ ನಿಂತು ಓದಬೇಕಲ್ಲ ಎಂದು ಬೈರಮ್ಮನಿಗೆ ಹೊಟ್ಟೆ ಉರಿಯಿತು.

ಅವಳು ನೆಟ್ಟಗೆ ರೇವತಿಯ ಹತ್ತಿರ ಹೋದಳು. ರೇವತಿ ಮೇಲಿನ ಕೋಣೆಯ ಬಾಡಿಗೆಯವಳು, ಯಾದಗಿರಿ ಕಡೆಯ ಹುಡುಗಿ. ಹಿಂದಿನ ರಸ್ತೆಯಲ್ಲಿ ಅಫ್ತಾಬನ ಜೆರಾಕ್ಸ್ ಅಂಗಡಿಯಲ್ಲಿ ಬ್ಯಾನರು, ಲಗ್ನಪತ್ರಿಕೆ ಮಾಡಿಕೊಡುತ್ತಿದ್ದಳು. ಅಂಗಡಿಯ ಕಂಪ್ಯೂಟರು ಹಳೆಯದು. ಚಿತ್ರ ತಿದ್ದಲು ಅದರಲ್ಲಿ ಇದ್ದದ್ದು ಬಿಟ್ಟಿಯಾಗಿ ಬರುವ ಪೇಂಟ್ ಎಂಬ ಪ್ರೋಗ್ರಾಮ್ ಒಂದೇ. ಅಫ್ತಾಬ್ ದಿನವಿಡೀ ಶಿವಾಜಿನಗರದ ಪ್ರೆಸ್ಸಿನಲ್ಲಿ ಇರುತ್ತಿದ್ದರಿಂದ ಅಂಗಡಿ ರೇವತಿಯದೇ ರಾಜ್ಯ.

"ಬೇರೆಬೇರೆ ಫೋಟೊ ತೆಗೆದು ಇಬ್ರನ್ನೂ ಒಂದೇ ಬ್ಯಾನರ್‌ಗೆ ಅಂಟಿಸಕ್ಕಾಯ್ತದಾ?" ಎಂದಳು ಬೈರಮ್ಮ.

"ಯಾಕಾಗಂಗಿಲ್ರೀ ಅಮ್ಮಾರ," ಎಂದು ರೇವತಿ ತೋರಿಸಿಕೊಟ್ಟಳು. ಬಿಳಿ ಗೋಡೆಯ ಮುಂದೆ ನಿಂತ ನೀಲಿ ಅಂಗಿಯ ಯಾವನೋ ಒಬ್ಬನನ್ನು ಚೌಕ ಹಾಕಿ ಹಿಡಿದು, ಟ್ರಾನ್ಸ್‌ಪರೆಂಟ್ ಎಂಬುದನ್ನು ಒತ್ತಿ, ಹೂತೋಟದ ಚಿತ್ರದ ಮೇಲೆ ತಂದು ಬಿಟ್ಟಳು. ಗೋಡೆ ಮಾಯವಾಗಿ ಅವನು ಹೂವಿನ ನಡುವೆ ನಿಂತ. "ಬಿಳಿ ಬಣ್ಣ ಎಲ್ಲಿ ಅದನೋ ಅಲ್ಲೆಲ್ಲ ಗಾಜಿನಂಗ ಆಗಿ ಹಿಂದಿಂದು ಕಾಣ್ತದ್ರಿ. ಆದ್ರ ಕಂಪ್ಯೂಟರಿಗಿ ಗೋಡಿ ಯಾವ್ದು ಗಡ್ಡ ಯಾವ್ದು ಗೊತ್ತಾಗಂಗಿಲ್ಲ. ಹೋದ ತಿಂಗ್ಳ ಒಬ್ಬ ಮುದುಕಪ್ಪನ ಬೆಳ್ಳನ ಗಡ್ಡದಾಗ ಗುಲಾಬಿ ಹೂ ಎದ್ದಿದ್ವು."

ಬೈರಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು. "ಅಂದ್ರೆ ಬಿಳಿ ಶರಟು ಹಾಕಿದ್ರೆ?"

"ಶರ್ಟೂ ಹೋಗ್ತದ್ರಿ. ಅದಕ್ಕ ಗೋಡಿ ಮ್ಯಾಲ ಹಸಿರು ಬಣ್ಣ ಬಳಿದು, ಬಿಳಿ ಬದ್ಲು ಹಸಿರು ತೆಗಿ ಅಂತ ಹೇಳ್ಬೇಕು. ಮಂದಿ ಅಂಚಿನಗುಂಟ ಕೈಲಿಂದನೇ ಬಳೀಬೇಕ್ರಿ, ಭಾಳ ಹೊತ್ತು ಹಿಡೀತದ."

"ಹಸಿರು ಬ್ಯಾಡ," ಎಂದಳು ಬೈರಮ್ಮ. ಅವಳ ಕಣ್ಣಲ್ಲಿ ಬಂದ ಹೊಳಪು ನೋಡಿ ರೇವತಿಗೆ ಗಾಬರಿಯೂ ಆಯಿತು, ನಗೂ ಬಂತು.

ಮರುದಿನದಿಂದ ಬೈರಮ್ಮನ ಸುಳ್ಳಿನ ಕಾರ್ಖಾನೆ ಶುರುವಾಯಿತು. ದೊಡ್ಡವನಿಗೆ, "ಬ್ಯಾನರು ನನ್ ಹೆಸರಲ್ಲಿ ನಾನೇ ಮಾಡಿಸ್ತೀನಿ ಕಣೋ, ದೇವಿ ಕೆಳಗೆ ನಿನ್ನ ನಿಲ್ಲಿಸ್ತೀನಿ" ಅಂದಳು. ಚಿಕ್ಕವನಿಗೂ ಅಕ್ಷರ ಬಿಡದೆ ಅದನ್ನೇ ಅಂದಳು. ಸುಳ್ಳು ಅನ್ನುವಂತೆಯೂ ಇಲ್ಲ, ನೋಡಿ! ಬೆಳಗ್ಗೆ ಮುನಿಆಂಜನಪ್ಪ ಗಂಜಿ ಹಾಕಿದ ಬಿಳಿ ಶರಟಿನಲ್ಲಿ, ಮೀಸೆ ತೀಡಿಕೊಂಡು ಅಂಗಡಿಯ ಸುಣ್ಣದ ಗೋಡೆಯ ಮುಂದೆ ಕೈಮುಗಿದು ನಿಂತ. ಸಂಜೆ ವಸಂತ ಬಂದು ಅದೇ ಗೋಡೆಗೆ, ಅದೇ ಬಿಳಿಯಲ್ಲಿ ನಿಂತ. ಫ್ಲ್ಯಾಶ್ ಹೊಡೆದಾಗ ಗೋಡೆಯೂ ಶರಟೂ ಒಂದೇ ಬೆಳ್ಳಗೆ ಬಂದವು.

ರೇವತಿ ದೇವಿಯ ಕೆಳಗೆ ಮೊದಲು ವಸಂತನನ್ನು ಇಟ್ಟಳು, ಬೈರಮ್ಮ ಹೇಳಿದಂತೆ ಅವನ ಮೇಲೆ ಮುನಿಆಂಜನಪ್ಪನನ್ನು ಸ್ವಲ್ಪ ಎತ್ತರಿಸಿ ತಂದಿಟ್ಟಳು. ದೊಡ್ಡವನ ತಲೆ, ಕೈ, ಮೀಸೆ ಎಲ್ಲ ಜಾಗದಲ್ಲೇ ಇದ್ದವು. ಶರಟು ಮಾತ್ರ ಅಲ್ಲಲ್ಲಿ ತೂತುಬಿದ್ದು, ಹೊಟ್ಟೆಯ ಭಾಗದಿಂದ ತಮ್ಮನ ಮುಖ ಕಿಟಕಿಯಲ್ಲಿ ಇಣುಕಿದ ಹಾಗೆ ಕಾಣುತ್ತಿತ್ತು. ಬೈರಮ್ಮ ನಕ್ಕ ನಗುವಿಗೆ ಎಲೆಅಡಿಕೆ ಕೀಲಿಮಣೆಯ ಮೇಲೆಲ್ಲ ಸಿಡಿಯಿತು. ಒಂದು ಸಣ್ಣ ಕಾಗದದ ಮೇಲೆ ಪ್ರಿಂಟು ತೆಗೆಸಿ, "ಬ್ಯಾನರು ಹೆಂಗೈತೆ, ಬಂದು ನೋಡಿ ಹೂಂ ಅನ್ನಿ" ಎಂದು ಇಬ್ಬರಿಗೂ ಒಂದೇ ಹೊತ್ತಿಗೆ ಹೇಳಿ ಕಳಿಸಿದಳು.

ಇಬ್ಬರೂ ಬಂದರು. ಬಾಗಿಲಲ್ಲಿ ಒಬ್ಬರನ್ನೊಬ್ಬರು ಕಂಡು ಮುಖ ಗಂಟು ಹಾಕಿಕೊಂಡು, ತಾಯಿ ಒಳಗೆ ಕೂತಿದ್ದರಿಂದ ವಾಪಸು ಹೋಗಲಾರದೆ ಒಳಗೆ ಬಂದರು. ರೇವತಿ ಕಾಗದವನ್ನು ಮೇಜಿನ ಮೇಲಿಟ್ಟು ತಾನು ಸ್ಟೂಲಿನ ಹಿಂದೆ ಸರಿದು ನಿಂತಳು.

ಮುನಿಆಂಜನಪ್ಪ ಕಾಗದವನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. "ಅಮ್ಮ, ನನ್ ಹೊಟ್ಟೇಲಿ ಇವ್ನ್ಯಾಕೆ ಬಂದ ಕೇಳು!"

"ನಾನೆಲ್ಲಿ ಬಂದೆ?" ವಸಂತ ಉರಿದುಬಿದ್ದ. "ನನ್ನ ಪಾಡಿಗೆ ನಾನು ನಿಂತಿದ್ದೆ. ಮೇಲೆ ಬಂದು ನಿಂತಿರೋದು ನೀನು!"

"ನಾನು ನಿನ್ ಮೇಲೆ ನಿಂತ್ನೇನ್ಲಾ?"

"ಮತ್ತಿನ್ಯಾರು? ಫೋಟೊದಲ್ಲೂ ಅದೇ ಬುದ್ಧಿ. ಬೇರೆಯವರು ಇದ್ದಾರೆ ಅನ್ನೋದೇ ಕಾಣಲ್ಲ ನಿಂಗೆ, ತಂದು ಅಡ್ಡ ನಿಲ್ಲಿಸಿಬಿಡೋದು!"

ಎಷ್ಟೋ ವರ್ಷದ ಮೇಲೆ ಮೊದಲ ಸಲ ಅವರಿಬ್ಬರೂ ತಾಯಿಯನ್ನು ಬಿಟ್ಟು ನೇರವಾಗಿ ಮಾತಾಡಿದ್ದರು. ಅದು ಅವರ ಗಮನಕ್ಕೇ ಬರಲಿಲ್ಲ. ಬೈರಮ್ಮನ ಗಮನಕ್ಕೆ ಬಂತು, ಆದರೆ ಅವಳು ಸೆರಗಲ್ಲಿ ಬಾಯಿ ಮುಚ್ಚಿಕೊಂಡಳು.

ಹಾಗೆಂದು ಆಟ ಅವಳ ಕೈಯಲ್ಲೇ ಉಳಿಯಲಿಲ್ಲ. ಮುನಿಆಂಜನಪ್ಪ ಕಾಗದ ಎಸೆದು, "ನಾನು ಬೇರೆ ಕಡೆ ಮಾಡಿಸ್ಕೊತೀನಿ" ಎಂದು ಚಪ್ಪಲಿ ಮೆಟ್ಟಿದ. ವಸಂತನೂ ಎದ್ದ. ಹೂಡಿದ ಆಟ ಕೈಕೊಡುತ್ತಿದೆ ಎಂದು ಬೈರಮ್ಮನಿಗೆ ಗೊತ್ತಾಯಿತು. ಆದರೂ ಗಟ್ಟಿಯಾಗಿ ಹೇಳಿದಳು: "ಹೋಗ್ರೋ. ಇಬ್ರೂ ಒಂದೊಂದು ಕಟ್ರಿ. ಒಂದ್ ಮನೆಗೆ ಎರಡು ಬ್ಯಾನರ್ ಎದ್ರೆ ಈ ಸಲ ತಂಬಿಟ್ಟಿನಾರತಿ ನಾನು ಹೊರಲ್ಲ. ನಿಮ್ ಬ್ಯಾನರ್‌ಗಳೇ ಹೊತ್ಕೊಂಡೋಗ್ಲಿ." ಹಳೆಯ ಮನೆತನದ ಹಿರಿಯಳೆಂದು, ತಂಬಿಟ್ಟಿನ ದೀಪ ಹೊತ್ತ ಊರಿನ ಮೊದಲ ಆರತಿ ಅವಳ ತಲೆಯ ಮೇಲೆಯೇ ಹೋಗಬೇಕು, ಅವಳು ಹೊರದೆ ಉಳಿದವರು ಹೊರುವಂತಿಲ್ಲ. ಇಬ್ಬರೂ ಅಲ್ಲಲ್ಲೇ ನಿಂತರು.

ವಸಂತ ಸೋತ ದನಿಯಲ್ಲಿ, "ಇದನ್ನ ಸರಿ ಮಾಡಕ್ಕಾಗಲ್ವಾ? ನನ್ ಮೊಬೈಲಲ್ಲೇ ಆ್ಯಪ್ ಇದೆ, ಒಂದು ನಿಮಿಷ" ಎಂದ.

"ಆ ಆ್ಯಪ್‌ದಾಗ ತೆಗ್ದಿದ್ದು ಸಣ್ಣದಿರ್ತದ್ರಿ ಅಣ್ಣಾರ, ಬ್ಯಾನರಿಗಿ ಎಳದ್ರ ಮಾರಿ ಮಸುಕಾಗ್ತದ," ಎಂದಳು ರೇವತಿ. ಆಮೇಲೆ ಅವಳಿಗೆ ಏನು ಹೊಳೆಯಿತೋ, ಬೈರಮ್ಮ ಹೇಳಿಕೊಡದ ಮಾತೊಂದನ್ನು ಸೇರಿಸಿದಳು: "ದೊಡ್ಡಣ್ಣಾರ ಸುತ್ತ ಹಸಿರು ಬಳಿದ್ರ ನೀವು ಅವರ ಹೊಟ್ಯಾಗಿಂದ ಹೊರಗ ಬರ್ತೀರಿ. ಆದ್ರ ನನಗ ಮಂದಿ ಕೂತಾರ, ಐಡಿ ಕಾರ್ಡ್ ಕೊಡ್ಬೇಕು. ನಿಮಗ ಕಂಪ್ಯೂಟರ್ ಬರ್ತದಲ್ರಿ, ನೀವೇ ಬಳೀರಿ." ಅಂಗಡಿಯಲ್ಲಿ ಕೂತ ಮಂದಿ ಎಂದರೆ ಬೈರಮ್ಮ ಒಬ್ಬಳೇ.

ನಿನಗೆ ಕಂಪ್ಯೂಟರ್ ಬರುತ್ತದೆ ಎಂದು ಯಾರಾದರೂ ಅಂದರೆ ಸಾಕು, ವಸಂತ ಎಲ್ಲಿ ಬೇಕಾದರೂ ಕೂರುವ ಆಸಾಮಿ. ಕೂತ. ರೇವತಿ ಚಿತ್ರವನ್ನು ದೊಡ್ಡದು ಮಾಡಿ, ಹಸಿರು ಕುಂಚ ಹಿಡಿಸಿ ಪಕ್ಕಕ್ಕೆ ಹೋದಳು. ಪರದೆ ತುಂಬ ಅಣ್ಣನ ಒಂದು ಭುಜ. ವಸಂತ ಶರಟಿನ ಅಂಚು ಹಿಡಿದು ಮೆಲ್ಲಗೆ ಮೌಸ್ ಎಳೆಯತೊಡಗಿದ. ಹಿಂದೆ ನಿಂತ ಮುನಿಆಂಜನಪ್ಪನಿಗೆ ತಡೆಯಲಾಗಲಿಲ್ಲ.

"ನಿಧಾನಕ್ಕೆ ಹೋಗ್ಲಾ, ಭುಜ ಕೊಯ್ತಿದ್ದೀಯ."

"ಉಸಿರು ಬಿಡ್ಬೇಡ ಕಿವಿ ಹತ್ರ."

ಭುಜ ಮುಗಿದು ಕುತ್ತಿಗೆ ಬಂತು. ಅಷ್ಟು ದೊಡ್ಡದಾಗಿ, ಅಷ್ಟು ಹತ್ತಿರದಿಂದ ವಸಂತ ಅಣ್ಣನನ್ನು ಚಿಕ್ಕಂದಿನಲ್ಲಿ ಅವನ ಹೆಗಲೇರಿದ್ದಾಗ ನೋಡಿದ್ದಿರಬೇಕು. ಬಣ್ಣ ಹಚ್ಚಿದ ಕೂದಲಿನ ಬುಡ ಬೆಳ್ಳಗಿತ್ತು. ಕತ್ತಿನ ಚರ್ಮ ಜೋತುಬಿದ್ದಿತ್ತು. ಕಿವಿಯ ಕೆಳಗೆ, ಕಾಲರ್ ಮುಚ್ಚುವ ಜಾಗಕ್ಕಿಂತ ಸ್ವಲ್ಪ ಮೇಲೆ, ಬೆರಳುದ್ದದ ಹೊಲಿಗೆ ಗುರುತೊಂದು ಇನ್ನೂ ಕೆಂಪಗಿತ್ತು. ಮೌಸ್ ನಿಂತಿತು.

"ಅಣ್ಣ, ಇದೇನಿದು?"

ಮುನಿಆಂಜನಪ್ಪ ಕಾಲರ್ ಎಳೆದುಕೊಂಡ. "ಏನಿಲ್ಲ. ಗಡ್ಡೆ ಇತ್ತು. ತೆಗೆದ್ರು."

"ಯಾವಾಗ?"

"ಸಂಕ್ರಾಂತಿ ಆದ್ಮೇಲೆ. ನೀನು ಮುಂದಕ್ಕೆ ಬಳಿ."

"ಸಂಕ್ರಾಂತಿ ಆದ್ಮೇಲೆ ನೀನು ತಿರುಪತಿಗೆ ಹೋಗಿದ್ದೆ." ವಸಂತ ತಾಯಿಯ ಕಡೆ ತಿರುಗಿದ. "ತಿರುಪತಿಗೆ ಹೋಗವ್ನೆ ಅಂದ್ಯಲ್ಲಮ್ಮ? ಲಡ್ಡು ಬೇರೆ ಕೊಟ್ಟೆ ನಂಗೆ!"

"ಲಡ್ಡು ಬೇಕರೀದು," ಎಂದಳು ಬೈರಮ್ಮ. ಈ ಸಲ ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. "ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ದ. ಆಸ್ಪತ್ರೇಲಿ ಮಲಗಿಸಿ ಬಂದು ನಿನ್ ಮುಂದೆ ಕೂತು ಮುದ್ದೆ ತಿಂದೆ ಕಣೋ ಆವತ್ತು."

ಅಣ್ಣ ಕುತ್ತಿಗೆಗೆ ಹೊಲಿಗೆ ಹಾಕಿಸಿಕೊಂಡು ಬಂದಾಗ ತಾನು ಬೇಕರಿ ಲಡ್ಡು ಕಣ್ಣಿಗೊತ್ತಿಕೊಂಡು ತಿಂದದ್ದು ನೆನಪಾಗಿ ವಸಂತನಿಗೆ ನಾಚಿಕೆಯಾಯಿತು, ಸಿಟ್ಟು ಬಂತು, ಎಲ್ಲಕ್ಕಿಂತ ಹೆಚ್ಚಾಗಿ ಭಯವಾಯಿತು. "ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಯಾವಾಗ ಹೇಳ್ತಿದ್ರಿ?" ಎಂದ.

"ಕೆಟ್ಟದ್ದೇನಲ್ಲ ಅಂದ್ರು ಡಾಕ್ಟ್ರು," ಎಂದ ಮುನಿಆಂಜನಪ್ಪ, ತಮ್ಮನ ಹೆಗಲ ಮೇಲೆ ಕೈಯಿಡಬೇಕೋ ಬೇಡವೋ ತಿಳಿಯದೆ ಕುರ್ಚಿಯ ಮೇಲೆ ಇಟ್ಟು. "ಗಾಬ್ರಿ ಬೀಳ್ತೀಯ ಅಂತ ಹೇಳ್ಲಿಲ್ಲ. ಮೊದ್ಲಿಂದ್ಲೂ ಪುಕ್ಕಲ ನೀನು."

ರೇವತಿ ಮೆಲ್ಲಗೆ ಬಂದು, "ಆ ಗುರುತು ಅಳಿಸ್ಲೇನ್ರಿ? ಬ್ಯಾನರ್‌ದಾಗ ಕಾಣ್ತದ" ಎಂದಳು.

"ಬೇಡ," ಎಂದ ವಸಂತ. ಕಣ್ಣು ಒರೆಸಿಕೊಂಡು ಮತ್ತೆ ಮೌಸ್ ಹಿಡಿದ. ಗುರುತಿನ ಪಕ್ಕದಲ್ಲಿ ಹಸಿರನ್ನು ಎಷ್ಟು ಮೆತ್ತಗೆ ಎಳೆದನೆಂದರೆ ಮುನಿಆಂಜನಪ್ಪ ನಿಂತಲ್ಲೇ ಕತ್ತು ಮುಟ್ಟಿ ನೋಡಿಕೊಂಡ.

ಕಿವಿ, ತಲೆ, ಇನ್ನೊಂದು ಭುಜ ಮುಗಿದವು. ಆಮೇಲೆ ವಸಂತ ತನ್ನ ಫೋಟೊದ ಸುತ್ತಲೂ ಹಾಗೇ ಹಸಿರು ಬಳಿದ. ರೇವತಿ ಹಸಿರನ್ನು ಮಾಯ ಮಾಡಿ ಒಬ್ಬನನ್ನು ಆ ಕಡೆಗೂ ಒಬ್ಬನನ್ನು ಈ ಕಡೆಗೂ ಸರಿಸಿದಳು. ದೇವಿಯ ಕೆಳಗೆ ಇಬ್ಬರೂ ಪೂರ್ತಿ ಶರಟಿನಲ್ಲಿ ಕೈಮುಗಿದು ನಿಂತರು. "ಈಗ ಅಮ್ಮಾರ ಫೋಟೊ ಎಲ್ಲಿ ಇಡ್ಲಿ?"

"ನನ್ ಪಕ್ಕ," ಎಂದರು ಇಬ್ಬರೂ ಒಟ್ಟಿಗೆ.

"ನಾನು ದೊಡ್ಡ ಮಗ ಕಣ್ಲಾ, ನನ್ ಪಕ್ಕ ಇರ್ಬೇಕು."

"ದಿನಾ ಊಟ ಮಾಡೋದು ನಮ್ಮನೇಲಿ!"

"ಕಾಫಿ ಯಾರ ಮನೇಲಿ ಕುಡೀತಾಳೆ, ಕೇಳು!"

"ಕೇಳೋದೇನು, ನಿಮ್ಮನೇಲಿ ಉಪ್ಪು ಜಾಸ್ತಿ ಅಂತ ದಿನಾ ಹೇಳ್ತಾಳೆ!"

"ನಿಮ್ಮನೇಲಿ ಜಾಸ್ತಿ ಅಂತ ನಮಗೆ ಹೇಳ್ತಾಳಲ್ಲೋ!"

ಇಬ್ಬರೂ ಒಮ್ಮೆಲೇ ತಾಯಿಯ ಕಡೆ ತಿರುಗಿದರು. ಬೈರಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ತುಂಬ ಮುಖ್ಯವಾದದ್ದನ್ನು ಓದತೊಡಗಿದಳು. ಅವರು ಮತ್ತೆ ತಮ್ಮತಮ್ಮಲ್ಲೇ ಶುರುಮಾಡಿದರು. ದನಿ ಏರಿ, ರಸ್ತೆಯಲ್ಲಿ ಹೋಗುವವರು ನಿಂತು ಒಳಗೆ ಇಣುಕಿದರು.

ರೇವತಿ ಬಗ್ಗಿ, "ಬಿಡಿಸ್ಲೇನ್ರೀ ಅಮ್ಮಾರ?" ಎಂದಳು.

"ಸುಮ್ಕಿರು," ಎಂದಳು ಬೈರಮ್ಮ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತ. "ಆಡ್ಕೊಳ್ಲಿ. ಇದನ್ನ ಕೇಳಿ ಎಷ್ಟ್ ವರ್ಷ ಆಗಿತ್ತು."