ಟ್ಯಾಂಕಿನಲ್ಲಿ ಇನ್ನೂ ನೀರಿಲ್ಲ

ಮೈಕಣ್ಣನನ್ನು ನಾನು ಮೊದಲು ಕಂಡದ್ದು ಕಾಲೇಜಿನ ಸಭಾಂಗಣದಲ್ಲಿ, ಸೇರಿದ ಮೊದಲ ವಾರ. ವೇದಿಕೆಯ ಅಂಚಿನಲ್ಲಿ ಕೂತು ಹೆಬ್ಬೆರಳಿಗೂ ಮೊಣಕೈಗೂ ನಡುವೆ ವೈರು ಸುತ್ತುತ್ತಿದ್ದರು. ನಮ್ಮ ಹಳ್ಳಿಯಲ್ಲಿ ಹಗ್ಗ ಸುತ್ತುವುದೂ ಹಾಗೆಯೇ. ಕಾಲೇಜಿದ್ದ ಆ ಹೊಸ ಊರಿನಲ್ಲಿ ನನಗೆ ಗುರುತು ಸಿಕ್ಕ ಮೊದಲ ಕೆಲಸ ಅದು. ಅಂಗಿಯ ಜೇಬಿನಲ್ಲಿ ಟೆಸ್ಟರ್ ಇತ್ತು, ಕಿವಿಯ ಮೇಲೆ ಇನ್ಸುಲೇಷನ್ ಟೇಪಿನ ತುಂಡೊಂದು ಅಂಟಿಕೊಂಡಿತ್ತು. ಹೊಸಬರೆಲ್ಲ ಒಬ್ಬೊಬ್ಬರಾಗಿ ಮೈಕಿನಲ್ಲಿ ಹೆಸರು ಹೇಳಬೇಕಿತ್ತು. ನನ್ನ ಸರದಿ ಬಂದಾಗ ನಾನು ಒಂದು ಮಾರು ದೂರದಲ್ಲೇ ನಿಂತೆ.

"ಹತ್ತಿರ ಬಾರಪ್ಪ, ಅದು ಕಚ್ಚಲ್ಲ," ಎಂದರು ಮೈಕಣ್ಣ. "ಕಚ್ಚೋರೆಲ್ಲ ಮುಂದಿನ ಸಾಲಲ್ಲಿ ಕೂತಿದ್ದಾರೆ."

ಮುಂದಿನ ಸಾಲಿನಲ್ಲಿ ಅಧ್ಯಾಪಕರು ಕೂತಿದ್ದರು. ಮೈಕು ಚಾಲೂ ಇತ್ತು.

ಅವರು ಕಾಲೇಜಿನ ಎಲೆಕ್ಟ್ರಿಷಿಯನ್. ಕಾರ್ಯಕ್ರಮವಿದ್ದಾಗ ಮೈಕಿನ ಹೊಣೆಯೂ ಅವರದೇ, ಅದರಿಂದಲೇ ಆ ಅಡ್ಡಹೆಸರು. ಮೈಕ್ ಪರೀಕ್ಷಿಸುವಾಗ ಎಲ್ಲರೂ ಹಲೋ ಹಲೋ ಎನ್ನುತ್ತಾರೆ. ಎದುರಿಗೆ ಯಾರೂ ಇಲ್ಲದೆ ಹಲೋ ಎನ್ನುವುದು ಅವರಿಗೆ ಬೆಪ್ಪುತನವೆನಿಸುತ್ತಿತ್ತು. ಹಾಗಾಗಿ ಗೇಟಿನಿಂದ ಸಭಾಂಗಣಕ್ಕೆ ಬರುವ ದಾರಿಯಲ್ಲಿ ಕಂಡದ್ದನ್ನು ಹೇಳುತ್ತಿದ್ದರು. ಲೈಬ್ರರಿಯ ಫ್ಯಾನು ತಿರುಗುತ್ತಿಲ್ಲ. ಸೈಕಲ್ ಸ್ಟ್ಯಾಂಡಿನಲ್ಲಿ ನಾಯಿ ಮರಿ ಹಾಕಿದೆ, ಕೆಣಕಬೇಡಿ. ಜಗಲಿಯಲ್ಲೂ ಸ್ಪೀಕರುಗಳಿದ್ದುದರಿಂದ ಇಡೀ ಕಾಲೇಜಿಗೆ ಕೇಳಿಸುತ್ತಿತ್ತು. ಪ್ರಿನ್ಸಿಪಾಲರೂ ನಗುತ್ತಿದ್ದರು.

ನಾನು ಎರಡನೇ ವರ್ಷದಲ್ಲಿದ್ದಾಗ ಒಂದು ಚರ್ಚಾಸ್ಪರ್ಧೆಯಲ್ಲಿ ಎರಡು ವಿದ್ಯಾರ್ಥಿ ಗುಂಪುಗಳು ಪರಸ್ಪರ ಕುರ್ಚಿ ಎಸೆದಾಡಿದವು. ಚರ್ಚೆಯ ವಿಷಯ ಸಹನೆ. ಆಮೇಲೆ ಕಾಲೇಜು ಮಾತಿನ ನಿಯಮಾವಳಿಯೊಂದನ್ನು ತಂದಿತು. ವಿದ್ಯಾರ್ಥಿಗಳಾಗಲಿ ನೌಕರರಾಗಲಿ ಯಾರ ಮನಸ್ಸಿಗೂ ನೋವಾಗುವ ಮಾತು ಆಡುವಂತಿಲ್ಲ. ನೋವಾದವರು ಸಮಿತಿಗೆ ದೂರು ಕೊಡಬಹುದು. ಯಾವ ಗುಂಪಿಗೂ ಸೇರದವನೆಂದು ನನ್ನನ್ನು ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿ ಮಾಡಿದರು. ಪ್ರತಿನಿಧಿಗೆ ಕೂರುವ ಹಕ್ಕಿತ್ತು, ಮಾತಾಡುವ ಹಕ್ಕಿರಲಿಲ್ಲ.

ಮೊದಲ ದೂರು ಆ ಗುಂಪುಗಳಿಂದ ಬರಲಿಲ್ಲ. ಕಟ್ಟಡಗಳ ಮೇಲ್ವಿಚಾರಕರಿಂದ ಬಂತು. ಒಂದು ಬೆಳಿಗ್ಗೆ ಮೈಕಣ್ಣ, ಹಾಸ್ಟೆಲ್ ಟ್ಯಾಂಕಿನಲ್ಲಿ ನೀರಿಲ್ಲ, ಮೇಲ್ವಿಚಾರಕರು ಇನ್ನೂ ಎದ್ದಿಲ್ಲ ಅಂತ ಕಾಣುತ್ತೆ ಎಂದು ಮೈಕ್ ಪರೀಕ್ಷಿಸಿದ್ದರು.

ಮೈಕಣ್ಣನ ಕೆಲಸ ತಾತ್ಕಾಲಿಕ. ಅದು ಬಹಳ ವರ್ಷಗಳಿಂದ ತಾತ್ಕಾಲಿಕವಾಗಿಯೇ ಇತ್ತು. ಆ ತಿಂಗಳು ಕಾಯಂ ಆಗುವುದಿತ್ತು. ಕ್ಷಮೆ ಕೇಳಿದರೆ ಕಾಯಂ, ಇಲ್ಲದಿದ್ದರೆ ಇಲ್ಲ ಎಂದು ಸಮಿತಿಯ ಅಧ್ಯಕ್ಷೆಯಾಗಿದ್ದ ತರ್ಕಶಾಸ್ತ್ರದ ಮೇಡಂ ಹೇಳಿಕಳಿಸಿದರು. ಒಂದು ಸಲ ತಪ್ಪಾಯ್ತು ಅಂದರೆ ಗಂಟಲೇನು ಸವೆದುಹೋಗುತ್ತಾ ಎಂದು ಮನೆಯಲ್ಲಿ ಹೆಂಡತಿ ಕೇಳಿದ್ದರಂತೆ.

ವಿಚಾರಣೆಯ ದಿನ ಕೊಟ್ಟ ಕುರ್ಚಿಯಲ್ಲಿ ಮೈಕಣ್ಣ ಕೂರಲಿಲ್ಲ.

"ಟ್ಯಾಂಕಿಗೆ ನೀರು ಬಂತಾ ಮೇಡಂ?"

ಅದು ಸಮಿತಿಯ ವ್ಯಾಪ್ತಿಗೆ ಬರುವುದಿಲ್ಲ ಎಂದರು ಮೇಡಂ.

"ಹಾಗಾದ್ರೆ ಬಂದ ದಿನ ತಪ್ಪಾಯ್ತು ಅಂತೀನಿ."

ಆಗ ಮೇಲ್ವಿಚಾರಕರು ಬಾಯಿ ಬಿಟ್ಟರು. ಟ್ಯಾಂಕಿನ ಬಗ್ಗೆ ಅವರು ವಾದಿಸಲೇ ಇಲ್ಲ. ನೀರಿಲ್ಲದ್ದು ನಿಜ, ಹೊಸ ಪಂಪು ಕೇಳಿ ಕೇಳಿ ತಮಗೇ ಸಾಕಾಗಿದೆ ಎಂದರು. ಆಮೇಲೆ ದನಿ ತಗ್ಗಿಸಿ, "ನನ್ನ ಮಗಳು ಇಲ್ಲೇ ಮೊದಲ ವರ್ಷ ಓದ್ತಾಳೆ ಮೈಕಣ್ಣ. ಅವಳನ್ನ ಎಲ್ಲರೂ ಖಾಲಿ ಟ್ಯಾಂಕಿ ಅಂತಾರೆ. ಒಂದು ವಾರದಿಂದ ಮನೆ ಬಿಟ್ಟು ಹೊರಗೆ ಬಂದಿಲ್ಲ," ಎಂದರು.

ಮೈಕಣ್ಣ ಕುರ್ಚಿಯಲ್ಲಿ ಕೂತರು. ಹೊರಗೆ ಎರಡೂ ಗುಂಪುಗಳು ಅವರ ಪರವಾಗಿ ಘೋಷಣೆ ಕೂಗುತ್ತಿದ್ದವು. ಮೈಕಣ್ಣ ಯಾವ ಗುಂಪಿನ ಕಡೆಯವರು ಎಂಬುದಕ್ಕಷ್ಟೇ ಅವುಗಳ ಜಗಳ. ಕಿಟಕಿ ಮುಚ್ಚಿ ಎಂದು ಮೈಕಣ್ಣ ಕೇಳಿಕೊಂಡರು. ಮುಚ್ಚಿದ ಮೇಲೆ, ಮೈಕಿನಲ್ಲಿ ಆಡಿದ್ದಕ್ಕೆ ಮೈಕಿನಲ್ಲೇ ಕ್ಷಮೆ ಕೇಳುತ್ತೇನೆ ಎಂದರು. ಮೇಡಂ ಒಂದು ವಾಕ್ಯ ಬರೆದುಕೊಟ್ಟು, ಇದಿಷ್ಟೇ ಹೇಳಬೇಕು ಎಂದರು: ನಾನಾಡಿದ ಮಾತನ್ನೆಲ್ಲ ಹಿಂತೆಗೆದುಕೊಂಡಿದ್ದೇನೆ.

ಮರುದಿನ ಬೆಳಿಗ್ಗೆ ಮೈಕಣ್ಣ ಜಗಲಿಯ ಒಂದು ಸ್ಪೀಕರನ್ನು ಮೇಲ್ವಿಚಾರಕರ ಮನೆಯ ಕಡೆಗೆ ತಿರುಗಿಸಿದರು. ಮನೆ ಸಭಾಂಗಣದ ಹಿಂದೆಯೇ ಇತ್ತು. ಮೈಕಿನ ಮುಂದೆ ನಿಂತರು. ಚೀಟಿ ಜೇಬಿನಲ್ಲೇ ಉಳಿಯಿತು.

"ಮಗಳೇ, ನನ್ನ ಮಾತಿಂದ ನಿನಗೆ ಅಡ್ಡಹೆಸರು ಬಂತು. ಅದು ನನ್ನ ತಪ್ಪು. ನಿಮ್ಮಪ್ಪ ಎದ್ದೇ ಇದ್ದರು, ಪಂಪಿಗೆ ಓಡಾಡ್ತಾ ಇದ್ದರು. ನಾನು ವಿಚಾರಿಸದೆ ಆಡಿಬಿಟ್ಟೆ. ಅದೂ ತಪ್ಪು. ಈ ಹುಡುಗೀನ ಹಾಗೆ ಕರೀಬೇಕು ಅನ್ನಿಸಿದವರು ನನ್ನನ್ನ ಕರೀರಿ, ನನಗೆ ಅಡ್ಡಹೆಸರು ಅಭ್ಯಾಸ ಆಗಿದೆ. ಟ್ಯಾಂಕಲ್ಲಿ ಇನ್ನೂ ನೀರಿಲ್ಲ. ಮೈಕ್ ಸರಿಯಾಗಿದೆ."

ಸೋಮವಾರ ಹುಡುಗಿ ತರಗತಿಗೆ ಬಂದಳು. ಮೇಲ್ವಿಚಾರಕರು ದೂರು ವಾಪಸು ಕೇಳಿದರು. ದೂರು ಕೊಡುವುದಕ್ಕೆ ನಿಯಮವಿತ್ತು, ವಾಪಸು ಪಡೆಯುವುದಕ್ಕೆ ಇರಲಿಲ್ಲ. ಒಪ್ಪಿಗೆಯಾದ ಮಾತು ಬಿಟ್ಟು ಬೇರೆ ಮಾತಾಡಿದ್ದಕ್ಕೆ ಕಾಯಂ ಮಾಡುವುದನ್ನು ಸಮಿತಿ ತಡೆಯಿತು. ತಿಂಗಳ ಕೊನೆಗೆ ತಾತ್ಕಾಲಿಕ ಕೆಲಸವೂ ಹೋಯಿತು. ಅದನ್ನು ತೀರ್ಮಾನಿಸಿದ ಸಭೆಯಲ್ಲಿ ಮಾತಾಡಲೆಂದು ನಾನು ಕೈ ಎತ್ತಿದೆ. ಅದನ್ನು ಗಮನಿಸಲಾಗಿದೆ ಎಂದು ಮೇಡಂ ಹೇಳಿದರು.

ಮೈಕಣ್ಣ ಈಗ ಕಾಲೇಜಿನ ಗೇಟಿನೆದುರು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದಾರೆ. ಸಭಾಂಗಣದ ಹಳೆಯ ವೈರುಗಳು ಬೇರೆ ಯಾರ ಮಾತನ್ನೂ ಕೇಳುವುದಿಲ್ಲವಾದ್ದರಿಂದ ಕಾಲೇಜು ಪ್ರತಿ ಕಾರ್ಯಕ್ರಮಕ್ಕೂ ಅವರನ್ನೇ ಕರೆಸುತ್ತದೆ. ಹೊರಗಿನವರಿಗೆ ನಿಯಮಾವಳಿ ಅನ್ವಯಿಸುವುದಿಲ್ಲ. ದಾರಿಯಲ್ಲಿ ಕಂಡದ್ದನ್ನು ಹೇಳಿಯೇ ಅವರು ಮೈಕ್ ಪರೀಕ್ಷಿಸುತ್ತಾರೆ. ಆ ಮಾತಿನಲ್ಲಿ ಯಾರದಾದರೂ ಸುದ್ದಿ ಬರುವುದಿದ್ದರೆ, ಮೊದಲು ಅವರನ್ನು ಹೋಗಿ ಕೇಳಿ ಬರುತ್ತಾರೆ.